ದೊಡ್ಡಪ್ಪ ಬೀಗದ ಕೈ ಕೆಳಗಿಟ್ಟಿದ್ದಾರೆ, ಎತ್ತಿಕೊಳ್ಳೋದು ಯಾರು?

ಪ್ರಶ್ನೆ: ಸರ್, ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯವನು. ಪಕ್ಕದ ಊರಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ನಮ್ಮೂರ ಬಸವಣ್ಣನ ಗುಡಿಗೆ ಒಂದು ಸೇವಾ ಸಮಿತಿ ಇದೆ. 2004ರಲ್ಲಿ ಸಂಘವಾಗಿ ನೋಂದಣಿ ಆಯಿತು. ಅವತ್ತಿನಿಂದ ನಮ್ಮ ದೊಡ್ಡಪ್ಪನೇ ಅಧ್ಯಕ್ಷರು. ಈಗ ಅವರಿಗೆ 74 ವರ್ಷ. ಗುಡಿಗೆ ತಾರಸಿ ಬಂದಿದ್ದು, ತೇರು ರಿಪೇರಿಯಾಗಿದ್ದು, ಊಟದ ಹಾಲ್ ಎದ್ದಿದ್ದು ಎಲ್ಲ ಅವರ ಓಡಾಟದಿಂದಲೇ. ಫೆಬ್ರವರಿಯಲ್ಲಿ ಎದೆನೋವು ಬಂದು ಸ್ಟೆಂಟ್ ಹಾಕಿದರು. ಏಪ್ರಿಲ್ ಜಾತ್ರೆಗೆ ಅವರು ಮನೆ ಬಿಟ್ಟು ಬರುವ ಹಾಗಿರಲಿಲ್ಲ. ತೇರಿನ ಹಗ್ಗ ಯಾರ ಮನೆಯಿಂದ ಬರಬೇಕು, ಕೊಂಡಕ್ಕೆ ಸೌದೆ ಯಾವ ಕೇರಿಯವರು ಹಾಕಬೇಕು, ಅರೆವಾದ್ಯದವರಿಗೆ ಮುಂಗಡ ಎಷ್ಟು ಕೊಟ್ಟಿದೆ, ಯಾರಿಗೂ ಗೊತ್ತಿರಲಿಲ್ಲ. ಹೇಗೋ ಜಾತ್ರೆ ಆಯಿತು. ತೇರು ಮಾತ್ರ ಎರಡು ಗಂಟೆ ತಡವಾಗಿ ಹೊರಟಿತು.

ಆಮೇಲೆ ಹುಡುಗರು ವಾಟ್ಸಾಪ್ ಗ್ರೂಪಿನಲ್ಲಿ ಲೆಕ್ಕ ಕೇಳೋಕೆ ಶುರು ಮಾಡಿದರು. ಒಬ್ಬ 'ಇಪ್ಪತ್ತು ವರ್ಷ ತಿಂದಿದ್ದು ಸಾಕು' ಅಂತ ಹಾಕಿದ. ಮಾರನೇ ದಿನ ದೊಡ್ಡಪ್ಪ ಗುಡಿಗೆ ಬಂದು, ಬೀಗದ ಕೈ ಗೊಂಚಲನ್ನು ಮಂಟಪದ ಕಟ್ಟೆ ಮೇಲಿಟ್ಟು, 'ನೀವೇ ಮಾಡ್ಕೊಳ್ರಪ್ಪ' ಅಂದು ಹೋದರು. ಯಾರೂ ಮುಟ್ಟಲಿಲ್ಲ. ಸಂಜೆ ಅರ್ಚಕರು ತಗೊಂಡು ಹೋದರು. ಈಗ ಕೆಲವರು ವರ್ಷಕ್ಕೊಂದು ಕೇರಿಗೆ ಸರದಿ ಕೊಡಿ ಅಂತಾರೆ. ಕೆಲವರು ಕೇರಿಗೊಬ್ಬ ಉಪಾಧ್ಯಕ್ಷ ಅಂತಾರೆ. ಇನ್ನು ಕೆಲವರು ಮುಜರಾಯಿಗೆ ಕೊಟ್ಟುಬಿಡಿ ಅಂತಾರೆ. ದೊಡ್ಡಪ್ಪನ ಮನಸ್ಸು ಮುರಿಯದೆ, ಊರು ಎರಡಾಗದೆ ಜವಾಬ್ದಾರಿ ಹಂಚಿಕೊಳ್ಳೋಕೆ ದಾರಿ ಇದೆಯಾ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದೇವಸ್ಥಾನ, ಮಠ, ಜಮಾತ್, ಚರ್ಚ್ ಕಮಿಟಿ, ಬಸದಿ ಹೀಗೆ ಎಲ್ಲ ಕಡೆ ಲೆಕ್ಕ ನೋಡಿಕೊಂಡು ಬಂದವನು ನಾನು. ದೇವರು ಬೇರೆ ಇರಬಹುದು, ಈ ಬೀಗದ ಕೈ ಗೊಂಚಲಿನ ಕಥೆ ಮಾತ್ರ ಎಲ್ಲ ಕಡೆ ಒಂದೇ. ಒಬ್ಬರು ನಿಷ್ಠೆಯಿಂದ ಎಲ್ಲ ಹೊತ್ತುಕೊಳ್ಳುತ್ತಾರೆ. ಉಳಿದವರು ಅಡ್ಡಬಿದ್ದು ಪ್ರಸಾದ ತಗೊಂಡು ಹೋಗುತ್ತಾರೆ. ಒಂದು ದಿನ ಹೊತ್ತವರಿಗೆ ಕಾಯಿಲೆ ಬೀಳುತ್ತದೆ. ಆಗ ಊರಿಗೆ ಎರಡು ಸಂಗತಿ ಒಟ್ಟಿಗೆ ಹೊಳೆಯುತ್ತವೆ: ಇವರಿಲ್ಲದೆ ನಡೆಯಲ್ಲ, ಇವರು ಲೆಕ್ಕ ಕೊಟ್ಟಿಲ್ಲ. ಎರಡೂ ನಿಜವೇ. ಒಂದಕ್ಕೊಂದು ಸೇರಿಸಿ ನೋಡಿದಾಗ ಅನುಮಾನ ಹುಟ್ಟುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಅಧ್ಯಕ್ಷ ಯಾರಾಗಬೇಕು ಅನ್ನೋದಲ್ಲ. ಆ ತೇರಿನ ಹಗ್ಗ. ನಿಮ್ಮೂರಲ್ಲಿ ಅಧಿಕಾರ ಇರೋದು ಅಧ್ಯಕ್ಷರ ಕುರ್ಚಿಯಲ್ಲಿ ಅಂತ ಎಲ್ಲರೂ ತಿಳಿದಿದ್ದಾರೆ. ಅದು ಇರೋದು ದೊಡ್ಡಪ್ಪನ ತಲೆಯಲ್ಲಿ. ಕುರ್ಚಿ ಹಂಚೋದು ಸುಲಭ, ಒಂದು ಭಾನುವಾರದ ಕೆಲಸ. ತಲೆಯಲ್ಲಿರೋದು ಕಾಗದಕ್ಕೆ ಬರಬೇಕಾದರೆ ತಿಂಗಳುಗಟ್ಟಲೆ ಬೇಕು. ಊರಿನವರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುತ್ತಾರೆ. ಮುಂದಿನ ಜಾತ್ರೆಗೆ ಮತ್ತೆ ದೊಡ್ಡಪ್ಪನ ಮನೆ ಬಾಗಿಲು ತಟ್ಟುತ್ತಾರೆ.

ಮೊದಲು ಆ 'ತಿಂದಿದ್ದು ಸಾಕು' ಅನ್ನೋ ಮಾತಿಗೆ ಬರೋಣ. ಊರಿನ ಅರ್ಧ ಜಗಳ ಅಲ್ಲೇ ಇದೆ. ತಿಂದವರನ್ನು ನಾನು ನೋಡಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ, ನೋಡಿದ್ದೇನೆ. ಆದರೆ ಹಳ್ಳಿ ಗುಡಿಗಳಲ್ಲಿ ನಾನು ಜಾಸ್ತಿ ನೋಡಿದ್ದು ಬೇರೆ ಥರದ ಗೋಜಲು. ಒಂದು ಊರಿನಲ್ಲಿ ಅಧ್ಯಕ್ಷರು ನನ್ನ ಮುಂದೆ ಕಬ್ಬಿಣದ ಟ್ರಂಕ್ ತಂದಿಟ್ಟರು. ತೆಗೆದರೆ ಮದುವೆ ಪತ್ರಿಕೆಗಳು! ಒಂದೊಂದರ ಹಿಂದೆಯೂ ಪೆನ್ಸಿಲ್ಲಿನಲ್ಲಿ ಲೆಕ್ಕ. 'ಸಿಮೆಂಟ್ 20 ಮೂಟೆ, ನಮ್ಮದು 12, ದೇವರದು 8.' ಮನೆಗೂ ಗುಡಿಗೂ ಒಂದೇ ಲೋಡಿನಲ್ಲಿ ಸಿಮೆಂಟ್ ಬಂದಿದೆ. ಬಾಡಿಗೆ ಉಳಿಯಲಿ ಅಂತ ಹಾಗೆ ಮಾಡಿದ್ದಾರೆ. ರಸೀದಿ ಒಂದೇ, ಅದೂ ಅವರ ಹೆಸರಿನಲ್ಲಿ. ಕುಳಿತು ಮೂರು ದಿನ ಕೂಡಿಸಿದ ಮೇಲೆ ಗೊತ್ತಾಯಿತು, ಗುಡಿಯೇ ಅವರಿಗೆ ಬಾಕಿ ಇತ್ತು. ಅವರ ಹೆಂಡತಿ ಬಾಗಿಲ ಬಳಿ ನಿಂತಿದ್ದರು. 'ನಾನು ಹೇಳ್ತಾನೇ ಇದ್ದೆ, ಬರ್ಕೊಂಡು ಕೊಡಿ ಅಂತ' ಅಂದು ಒಳಗೆ ಹೋದರು.

ನಿಮ್ಮ ದೊಡ್ಡಪ್ಪನ ಲೆಕ್ಕವೂ ಹೀಗೇ ಇದೆ ಅಂತ ನಾನು ಇಲ್ಲಿ ಕುಳಿತು ಸರ್ಟಿಫಿಕೇಟ್ ಕೊಡೋಕಾಗಲ್ಲ. ನೋಡದೆ ಕಳ್ಳ ಅನ್ನೋದು ಎಷ್ಟು ತಪ್ಪೋ, ನೋಡದೆ ಸಾಚಾ ಅನ್ನೋದೂ ಅಷ್ಟೇ ತಪ್ಪು. ಹುಡುಗರ ಮಾತಿನ ಧಾಟಿ ಕೆಟ್ಟದ್ದು, ಕೇಳಿಕೆ ಸರಿಯಾದದ್ದು. ಇದನ್ನು ಎರಡೂ ಕಡೆಯವರಿಗೆ ನೀವೇ ಹೇಳಬೇಕಾಗುತ್ತದೆ. ಮೇಷ್ಟ್ರಾದ ತಪ್ಪಿಗೆ ಅಂದುಕೊಳ್ಳಿ.

ಇನ್ನು ಮುಜರಾಯಿ. ಮುಜರಾಯಿಗೆ ಬರೆದರೆ ಸರ್ಕಾರ ನಾಳೆ ಬಂದು ಗುಡಿಗೆ ಬೀಗ ಹಾಕುತ್ತದೆ ಅಂತ ಕೆಲವರಿಗೆ ಭಯ. ಬರೆದುಬಿಟ್ಟರೆ ನಮ್ಮ ತಲೆನೋವೆಲ್ಲ ಹೋಗುತ್ತದೆ ಅಂತ ಕೆಲವರಿಗೆ ಆಸೆ. ಎರಡೂ ಆಗಲ್ಲ. ಮೊದಲು ತಾಲ್ಲೂಕು ಕಚೇರಿಯ ಮುಜರಾಯಿ ಶಾಖೆಯಲ್ಲಿ ನಿಮ್ಮ ಗುಡಿ ಪಟ್ಟಿಯಲ್ಲಿ ಇದೆಯಾ ಅಂತ ನೋಡಿ. ಎಷ್ಟೋ ಊರುಗಳಲ್ಲಿ ಗುಡಿ ಹಳೇ ಮುಜರಾಯಿ ಪಟ್ಟಿಯಲ್ಲಿರುತ್ತದೆ, ಊರಿನವರು ಅದು ಗೊತ್ತಿಲ್ಲದೆ ಮೇಲೊಂದು ಸಂಘ ಕಟ್ಟಿಕೊಂಡಿರುತ್ತಾರೆ. ಪಟ್ಟಿಯಲ್ಲಿದ್ದರೆ ನಿಮಗೆ ಅನ್ವಯಿಸೋದು 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮ. ಅದರಲ್ಲಿ ವ್ಯವಸ್ಥಾಪನಾ ಸಮಿತಿ ಅಂತ ಇದೆ. ಒಂಬತ್ತು ಜನ, ಮೂರು ವರ್ಷದ ಅವಧಿ. ಅರ್ಚಕರಿಗೆ ಒಂದು ಜಾಗ, ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಕನಿಷ್ಠ ಒಂದು, ಹೆಂಗಸರಿಗೆ ಎರಡು. ಆ ಕಾನೂನಿನ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಯಾರ್ಯಾರು ಕೂರಬೇಕು ಅನ್ನೋ ಆ ಪಟ್ಟಿ ಮಾತ್ರ ಚೆನ್ನಾಗಿದೆ. ಪಟ್ಟಿಯಲ್ಲಿ ಇಲ್ಲದ ಗುಡಿಯೂ ಅದನ್ನು ನೋಡಿ ಕಲಿಯಬಹುದು.

ಪಟ್ಟಿಯಲ್ಲಿ ಇಲ್ಲದಿದ್ದರೆ ನಿಮಗೆ ಆಧಾರ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಮತ್ತು ನಿಮ್ಮದೇ ಬೈಲಾ. ವರ್ಷಕ್ಕೊಂದು ಸರ್ವ ಸದಸ್ಯರ ಸಭೆ ಆಗಬೇಕು. ಆಡಳಿತ ಮಂಡಳಿ ಪಟ್ಟಿ, ಲೆಕ್ಕಪತ್ರ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಇಪ್ಪತ್ತು ವರ್ಷದಲ್ಲಿ ಇದು ಎಷ್ಟು ಸಲ ಆಗಿದೆ? ನನ್ನ ಊಹೆ ಹೇಳಲೇ? ಮೊದಲ ಮೂರೋ ನಾಲ್ಕೋ ವರ್ಷ ಆಗಿ ನಿಂತಿರುತ್ತದೆ. ಇದು ಸಣ್ಣ ವಿಷಯ ಅಂತ ಬಿಡಬೇಡಿ. ನಾಳೆ ಬ್ಯಾಂಕಿಗೆ ಹೋಗಿ ಸಹಿದಾರರ ಹೆಸರು ಬದಲಿಸಿ ಅಂದರೆ ಮ್ಯಾನೇಜರ್ ಕೇಳೋದು ಸಭೆಯ ನಡಾವಳಿ ಮತ್ತು ಈಗಿನ ಮಂಡಳಿಯ ಪಟ್ಟಿಯನ್ನೇ. ಬಾಕಿ ವರ್ಷಗಳದ್ದನ್ನು ದಂಡ ಕಟ್ಟಿ ಸರಿ ಮಾಡಿಕೊಳ್ಳದೆ ಆ ಕಾಗದ ಸಿಗಲ್ಲ. ಹಾಗಾಗಿ ಹೊಸ ಅಧ್ಯಕ್ಷರಿಗೆ ಹಾರ ಹಾಕುವ ಮುಂಚೆ ಹಳೇ ಫೈಲಿನ ಧೂಳು ಹೊಡೆಯಿರಿ.

ಒಂದು ಮಾತು ಮಧ್ಯದಲ್ಲಿ. ಎಷ್ಟೋ ಊರಿನಲ್ಲಿ 'ಟ್ರಸ್ಟ್' ಅಂತ ಬೋರ್ಡ್ ಇರುತ್ತದೆ, ಒಳಗೆ ಸಂಘ ಇರುತ್ತದೆ. ಉಲ್ಟಾನೂ ಇರುತ್ತದೆ. ನಿಮ್ಮದು ನಿಜವಾಗಿ ಸಂಘವೇ ಆಗಿದ್ದರೆ ಒಳ್ಳೆಯದು, ಸದಸ್ಯರು ಸಭೆ ಸೇರಿ ಮಂಡಳಿ ಬದಲಿಸಬಹುದು. ಟ್ರಸ್ಟ್ ಆಗಿದ್ದರೆ ಊರಿನವರ ಕೈ ಎತ್ತಿಸಿ ಟ್ರಸ್ಟಿಯನ್ನು ಇಳಿಸೋಕಾಗಲ್ಲ. ಟ್ರಸ್ಟ್ ಪತ್ರದಲ್ಲಿ ಏನು ಬರೆದಿದೆಯೋ ಅದೇ ಕೊನೆ ಮಾತು. ಆಡಳಿತ ತೀರಾ ಕೆಟ್ಟಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನ ಕೆಳಗೆ, ಆಸಕ್ತಿ ಇರುವ ಇಬ್ಬರಾದರೂ ಸೇರಿ, ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು. ಅದು ವರ್ಷಗಟ್ಟಲೆಯ ಹಾದಿ. ಜಾತ್ರೆ ಅಲ್ಲಿವರೆಗೆ ಕಾಯಲ್ಲ.

ಈಗ ಸರದಿ. ನಿಮ್ಮೂರಿನವರಿಗೆ ಜಾಸ್ತಿ ಹಿಡಿಸಿರೋದು ಇದೇ ಅನ್ನಿಸುತ್ತದೆ. ಸರದಿ ಅಂದ ಕೂಡಲೇ ಯಾರೋ ಒಬ್ಬರು ಉಡುಪಿ ಉದಾಹರಣೆ ಕೊಟ್ಟೇ ಕೊಟ್ಟಿರುತ್ತಾರೆ. ಒಳ್ಳೆ ಉದಾಹರಣೆಯೇ, ಪೂರ್ತಿ ನೋಡಿದರೆ.

ಉಡುಪಿಯಲ್ಲಿ ಎಂಟು ಮಠ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ. ಕೃಷ್ಣನ ಪೂಜೆ ಮತ್ತು ಅಲ್ಲಿನ ಆಡಳಿತ ಇದೇ ಕ್ರಮದಲ್ಲಿ ಒಂದರಿಂದ ಒಂದಕ್ಕೆ ಹೋಗುತ್ತದೆ. ಮೊದಲು ಸರದಿ ಎರಡೆರಡು ತಿಂಗಳದ್ದು. ಸೋದೆ ಮಠದ ವಾದಿರಾಜ ಸ್ವಾಮಿಗಳು 1522ರಲ್ಲಿ ಅದನ್ನು ಎರಡು ವರ್ಷ ಮಾಡಿದರು. ಲೆಕ್ಕ ಹಾಕಿ ನೋಡಿ. ಎರಡು ತಿಂಗಳಾದರೆ ಹದಿನಾರು ತಿಂಗಳಿಗೆ ಮತ್ತೆ ನಿಮ್ಮ ಪಾಳಿ. ಒಂದು ಕೆಲಸ ಶುರು ಮಾಡುವಷ್ಟರಲ್ಲಿ ಮುಗಿಯಿತು. ಎರಡು ವರ್ಷವಾದರೆ ಪಾಳಿ ಬರೋದು ಹದಿನಾರು ವರ್ಷಕ್ಕೆ. ಮಧ್ಯೆ ಹದಿನಾಲ್ಕು ವರ್ಷ ಬಿಡುವು. ಓಡಾಡಬಹುದು, ಪಾಠ ಹೇಳಬಹುದು, ಮುಂದಿನ ಸಲಕ್ಕೆ ಸೇರಿಸಿಕೊಳ್ಳಬಹುದು. ನಿಮ್ಮವರು ಕೇಳುತ್ತಿರೋದು 'ವರ್ಷಕ್ಕೊಂದು ಕೇರಿ'. ನನ್ನ ಅನುಭವದಲ್ಲಿ ಒಂದು ವರ್ಷ ತೀರಾ ಕಮ್ಮಿ. ಮೊದಲ ಜಾತ್ರೆಯಲ್ಲಿ ತಪ್ಪು ಮಾಡುತ್ತಾರೆ, ಎರಡನೇ ಜಾತ್ರೆಯಲ್ಲಿ ತಿದ್ದಿಕೊಳ್ಳುತ್ತಾರೆ. ಒಂದೇ ವರ್ಷ ಕೊಟ್ಟರೆ ಊರು ಪ್ರತಿ ವರ್ಷವೂ ಮೊದಲ ವರ್ಷದ ತಪ್ಪನ್ನೇ ನೋಡುತ್ತಿರುತ್ತದೆ.

ಇನ್ನೊಂದು ನೋಡಿ. ಉಡುಪಿಯಲ್ಲಿ ಸರದಿ ಬದಲಾಗೋದು ಸಮ ಸಂಖ್ಯೆಯ ವರ್ಷದ ಜನವರಿ 18ಕ್ಕೆ. ಆದರೆ ಬರುವ ಮಠದ ತಯಾರಿ ಶುರುವಾಗೋದು ಸುಮಾರು ಒಂದು ವರ್ಷ ಮುಂಚೆ. ಮೊದಲು ಬಾಳೆ ಮುಹೂರ್ತ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಬಾಳೆ ಗಿಡ ಇವತ್ತು ನೆಟ್ಟರೆ ಎಲೆ, ಕಾಯಿ ಬರೋಕೆ ವರ್ಷ ಬೇಕು, ಅಲ್ವಾ? ಸೌದೆ ಒಣಗಬೇಕು. ಆ ಸೌದೆಯನ್ನು ಸುಮ್ನೆ ರಾಶಿ ಹಾಕಲ್ಲ, ರಥದ ಆಕಾರಕ್ಕೆ ಜೋಡಿಸುತ್ತಾರೆ. ಇವೆಲ್ಲ ಪೂಜೆಯ ಹೆಸರಿನಲ್ಲಿ ನಡೆಯುತ್ತವೆ. ಲೆಕ್ಕದವನ ಕಣ್ಣಿಗೆ ಅದು ಅಡುಗೆಮನೆಯ ದಾಸ್ತಾನು. ಎರಡು ವರ್ಷ ಬಂದವರಿಗೆಲ್ಲ ಊಟ ಹಾಕುವವರು ಹೊಣೆ ಹೊರುವ ಮೊದಲೇ ಏನೇನು ಬೇಕು ಅಂತ ಎಣಿಸಿಕೊಳ್ಳುವ ರೀತಿ. ನಿಮ್ಮೂರಲ್ಲಿ ಬೀಗದ ಕೈ ಕಟ್ಟೆ ಮೇಲೆ ಬಿತ್ತು. ಉಡುಪಿಯಲ್ಲಿ ಅದು ಕೈಯಿಂದ ಕೈಗೆ ಹೋಗುತ್ತದೆ. ಇಳಿಯುವ ಸ್ವಾಮಿಗಳು ಏರುವ ಸ್ವಾಮಿಗಳಿಗೆ ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಬೀಗದ ಕೈ ಒಪ್ಪಿಸುತ್ತಾರೆ, ಎಲ್ಲರ ಕಣ್ಣ ಮುಂದೆ. ಸಟ್ಟುಗ ಅಂದರೆ ಬಡಿಸುವ ಸೌಟು. ಅಧಿಕಾರದ ಗುರುತಾಗಿ ಸೌಟು ಕೊಡೋದು ನನಗೆ ಯಾವತ್ತೂ ಇಷ್ಟವಾದ ಸಂಗತಿ.

ಇಷ್ಟು ಚೆಂದದ ವ್ಯವಸ್ಥೆಗೂ ಒಂದು ಕಹಿ ಇದೆ. ಪಾಳಿ ಬಂದವರ ತಲೆ ಮೇಲೆ ಖರ್ಚೂ ಬೀಳುತ್ತದೆ. 1946ರಲ್ಲಿ ಶೀರೂರು ಮಠದ ಪರ್ಯಾಯ, ಅಂದರೆ ಪಾಳಿ, ಆಯಿತು. ಆ ಖರ್ಚಿನಿಂದ ಮಠ ಸಾಲಕ್ಕೆ ಬಿತ್ತು. ಸಾಲ ಅಂದ ಮೇಲೆ ಆಡಳಿತ ಸರಿಯಿಲ್ಲ ಅನ್ನೋ ಮಾತು, ಆಗಿನ ಮದ್ರಾಸ್ ಪ್ರಾಂತ್ಯದ ಧಾರ್ಮಿಕ ದತ್ತಿ ಮಂಡಳಿಯ ಪ್ರವೇಶ, ಮ್ಯಾನೇಜರ್ ಇಡಿ ಅನ್ನೋ ಒತ್ತಾಯ ಎಲ್ಲ ಬಂತು. ಕೊನೆಗೆ ಅದು ಸುಪ್ರೀಂ ಕೋರ್ಟಿಗೆ ಹೋಗಿ 1954ರಲ್ಲಿ ತೀರ್ಪಾಯಿತು. ಇವತ್ತಿಗೂ ದೇಶದ ಯಾವ ಮೂಲೆಯಲ್ಲಿ ದೇವಸ್ಥಾನದ ಕೇಸು ನಡೆದರೂ ವಕೀಲರು ಶೀರೂರು ಮಠದ ಹೆಸರು ಎತ್ತುತ್ತಾರೆ. ಆ ತೀರ್ಪಿನ ಒಂದು ಎಳೆ ನಿಮಗೆ ಬೇಕಾದದ್ದು. ಯಾವ ಪೂಜೆ, ಯಾವ ವಿಧಿ ಅನ್ನೋದು ಆ ಧರ್ಮದವರಿಗೇ ಬಿಟ್ಟದ್ದು. ಆಸ್ತಿಪಾಸ್ತಿಯ ಆಡಳಿತವನ್ನು ಮಾತ್ರ ಕಾನೂನು ನಿಯಂತ್ರಿಸಬಹುದು.

ಅದೇ ಗೆರೆಯನ್ನು ನಿಮ್ಮ ಗುಡಿಯಲ್ಲೂ ಎಳೆಯಿರಿ. ಕೊಂಡ ಯಾರು ಹಾಯಬೇಕು, ಮೊದಲ ಮಂಗಳಾರತಿ ಯಾರ ಮನೆಗೆ, ಪೂಜೆ ಎಷ್ಟು ಗಂಟೆಗೆ ಅನ್ನೋದನ್ನು ಸಮಿತಿ ಕೈ ಎತ್ತಿಸಿ ತೀರ್ಮಾನ ಮಾಡಬಾರದು. ಅದಕ್ಕೆ ಅರ್ಚಕರು, ಹಿರಿಯರು, ರೂಢಿ ಇದೆ. ಹಾಗೆಯೇ ಬ್ಯಾಂಕ್ ಪುಸ್ತಕ, ಹುಂಡಿ, ಜಮೀನಿನ ಕಾಗದವನ್ನು ರೂಢಿಯ ಕೈಗೆ ಬಿಡಬಾರದು. ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ ಆಗುತ್ತದಲ್ಲ, ಅಲ್ಲಿ ಬಾಬುದಾರರು ಅಂತ ಇದ್ದಾರೆ. ಜಾತ್ರೆಯ ಒಂದೊಂದು ಕೆಲಸ ಒಂದೊಂದು ಮನೆತನಕ್ಕೆ ಬಂದದ್ದು. ಆಡಳಿತ ನೋಡೋಕೆ ಧರ್ಮದರ್ಶಿ ಮಂಡಳಿ ಬೇರೆ ಇದೆ. ಹಗ್ಗ ತರುವ ಮನೆಯವರ ಗೌರವ ಹಗ್ಗದಲ್ಲಿದೆ, ಚೆಕ್ ಬುಕ್ಕಿನಲ್ಲಿ ಇರಬೇಕಾಗಿಲ್ಲ.

ನಿಮ್ಮ ಮುಂದಿರುವ ದಾರಿಗಳನ್ನು ಇದೇ ಕಣ್ಣಿನಿಂದ ನೋಡೋಣ.

ಕೇರಿಗೊಬ್ಬ ಉಪಾಧ್ಯಕ್ಷ ಅನ್ನೋದು ನನಗೆ ಎಲ್ಲಕ್ಕಿಂತ ಕಮ್ಮಿ ಇಷ್ಟ. ಪದವಿ ಹೆಚ್ಚಾಗುತ್ತದೆ, ಕೆಲಸ ಹಂಚಿಕೆಯಾಗಲ್ಲ. ಬ್ಯಾನರಿನಲ್ಲಿ ಫೋಟೋ ಸಾಲು ಉದ್ದವಾಗುತ್ತದೆ. ಹನ್ನೊಂದು ಉಪಾಧ್ಯಕ್ಷರಿದ್ದ ಒಂದು ಸಮಿತಿಗೆ ನಾನು ಲೆಕ್ಕ ನೋಡಿದ್ದೇನೆ. ವಿದ್ಯುತ್ ಬಿಲ್ ಕಟ್ಟದೆ ಗುಡಿಯ ಫ್ಯೂಸ್ ತೆಗೆದಿದ್ದರು. ಹನ್ನೊಂದು ಜನರಲ್ಲಿ ಅದು ಯಾರ ಕೆಲಸ ಅಂತ ಯಾರಿಗೂ ಗೊತ್ತಿರಲಿಲ್ಲ.

ಕೆಲಸದ ಮೇಲೆ ಹಂಚೋದು ಅದಕ್ಕಿಂತ ಎಷ್ಟೋ ಮೇಲು. ಅನ್ನದಾನ ಇಬ್ಬರಿಗೆ, ತೇರು ಮತ್ತು ಉತ್ಸವ ಮೂವರಿಗೆ, ಕಟ್ಟಡ ಮತ್ತು ಜಮೀನು ಇಬ್ಬರಿಗೆ, ಲೆಕ್ಕ ಇಬ್ಬರಿಗೆ. ಒಬ್ಬರು ಹಳಬರು, ಒಬ್ಬರು ಹೊಸಬರು. ಇದರಲ್ಲೂ ಅಪಾಯ ಇದೆ. ಒಂದೊಂದು ಗುಂಪೂ ತನ್ನದೇ ರಸೀದಿ ಪುಸ್ತಕ ಅಚ್ಚು ಹಾಕಿಸುತ್ತದೆ. ಅನ್ನದಾನದವರು ಒಂದು ಕಡೆ ಚಂದಾ ಎತ್ತುತ್ತಾರೆ, ತೇರಿನವರು ಇನ್ನೊಂದು ಕಡೆ. ಹಾಗಾಗಿ ಒಂದು ಕಟ್ಟು ಹಾಕಿ: ಗುಂಪುಗಳು ಖರ್ಚು ಮಾಡಬಹುದು, ಹಣ ಎತ್ತುವ ಹಾಗಿಲ್ಲ. ಹಣ ಬರೋದು ಸಮಿತಿಯ ಒಂದೇ ಖಾತೆಗೆ, ಒಂದೇ ಸರಣಿಯ ರಸೀದಿಗೆ. ಇನ್ನೊಂದು, ಈಚಿನ ಕಾಯಿಲೆ. ಹುಂಡಿ ಮೇಲೆ ಅಂಟಿಸಿರುವ ಕ್ಯೂಆರ್ ಕೋಡ್ ಒಮ್ಮೆ ಸ್ಕ್ಯಾನ್ ಮಾಡಿ ನೋಡಿ, ಯಾರ ಹೆಸರು ಬರುತ್ತದೆ ಅಂತ. ನಾಲ್ಕು ಊರಿನಲ್ಲಿ ನಾನೇ ಮಾಡಿ ನೋಡಿದ್ದೇನೆ. ಎರಡು ಕಡೆ ಸಮಿತಿಯ ಹುಡುಗನೊಬ್ಬನ ಸ್ವಂತ ಖಾತೆ ಬಂತು. ಅವನೇನೂ ಕದಿಯೋಕೆ ಹಾಕಿದ್ದಲ್ಲ, ಸಮಿತಿ ಖಾತೆಗೆ ಮಾಡಿಸೋಕೆ ಕಾಗದ ಇರಲಿಲ್ಲ, ತನ್ನದು ಹಾಕಿದ. ಮೂರು ವರ್ಷವಾದ ಮೇಲೆ ಯಾವುದು ದೇವರದು, ಯಾವುದು ಅವನ ಸಂಬಳ ಅಂತ ಬಿಡಿಸೋದು ಯಾರು?

ಸರದಿಯೇ ಬೇಕು ಅಂತ ಊರು ಹಟ ಹಿಡಿದರೆ ಹಿಡಿಯಲಿ. ಉತ್ಸವದ ಹೊಣೆಯನ್ನು ಮಾತ್ರ ಸರದಿಗೆ ಬಿಡಿ, ಎರಡೆರಡು ವರ್ಷ. ಬ್ಯಾಂಕ್ ಖಾತೆ ಸರದಿಯಲ್ಲಿ ತಿರುಗಬಾರದು. ಜಾತ್ರೆಗೆ ಎಷ್ಟು ಖರ್ಚು ಅನ್ನೋ ಮಿತಿಯನ್ನು ಸರ್ವ ಸದಸ್ಯರ ಸಭೆ ಮೊದಲೇ ಗೊತ್ತು ಮಾಡಲಿ. ಇಲ್ಲದಿದ್ದರೆ ಮೇಲಿನ ಕೇರಿಯವರು ಒಂದು ಆರ್ಕೆಸ್ಟ್ರಾ ತಂದರೆ ಕೆಳಗಿನ ಕೇರಿಯವರು ಮುಂದಿನ ಸಲ ಸಾಲ ಮಾಡಿಯಾದರೂ ಎರಡು ತರುತ್ತಾರೆ. ಕಷ್ಟಪಟ್ಟು ದುಡಿಯುವವರ ಕೇರಿಗೆ ಪಾಳಿ ಬಂದಾಗ ಅದು ಗೌರವವಾಗಿ ಉಳಿಯಲ್ಲ, ಹೊರೆಯಾಗುತ್ತದೆ. ಇನ್ನೊಂದನ್ನು ಕೇಳಲೇಬೇಕು. ನೀವು ಹೇಳುವ ಕೇರಿಗಳ ಪಟ್ಟಿಯಲ್ಲಿ ದಲಿತರ ಕೇರಿ ಇದೆಯಾ? ಪತ್ರದಲ್ಲಿ ಬರೆದಿಲ್ಲ. ಅರೆವಾದ್ಯದವರು ಯಾರು ಅಂತಲೂ ಬರೆದಿಲ್ಲ. ತಮಟೆ ಬಡಿಯೋಕೆ, ಸೌದೆ ಹೊರೋಕೆ ಕರೆದು, ಸಭೆಗೆ ಕರೆಯದೆ ಹೋದರೆ ಅದನ್ನು ಹಂಚಿಕೆ ಅಂತ ಕರೆಯಬೇಡಿ.

ಹೆಂಗಸರ ಮಾತೂ ನಿಮ್ಮ ಪತ್ರದಲ್ಲಿ ಇಲ್ಲ. ಅನ್ನದಾನದ ಅಕ್ಕಿ ಎಷ್ಟು ಬೇಕು ಅಂತ ಕೇಳಿದರೆ ಗಂಡಸರ ಸಮಿತಿ ಪ್ರತಿ ಸಲ ಒಂದೊಂದು ಲೆಕ್ಕ ಹೇಳುತ್ತಿದ್ದ ಊರೊಂದಿತ್ತು. ಕೊನೆಗೆ ಅಡುಗೆಗೆ ನಿಲ್ಲುತ್ತಿದ್ದ ಒಬ್ಬ ಹೆಂಗಸು ಗೋಡೆ ತೋರಿಸಿದರು. ಆರು ವರ್ಷದ ಜಾತ್ರೆಯಲ್ಲಿ ಎಷ್ಟೆಷ್ಟು ಸೇರು ಬೆಂದಿತು, ಎಷ್ಟು ಉಳಿಯಿತು ಅಂತ ಇದ್ದಿಲಿನಲ್ಲಿ ಗೀಟು ಹಾಕಿಟ್ಟಿದ್ದರು. ಆ ಗುಡಿಯಲ್ಲಿ ನಾನು ನೋಡಿದ ಅತ್ಯಂತ ನಂಬುವಂಥ ದಾಖಲೆ ಅದೇ.

ಓಟು ಹಾಕಿಸಿ ಚುನಾವಣೆ ಮಾಡಬಹುದು, ಬೈಲಾದಲ್ಲಿ ಅವಕಾಶ ಇರುತ್ತದೆ. ಗ್ರಾಮ ಪಂಚಾಯ್ತಿ ಚುನಾವಣೆ ಹತ್ತಿರ ಇದ್ದರೆ ಮಾತ್ರ ಬೇಡ. ಅದು ಅದರ ರಿಹರ್ಸಲ್ ಆಗಿಬಿಡುತ್ತದೆ. ಅದಕ್ಕಿಂತ ಬೈಲಾ ತಿದ್ದಿ, ಒಬ್ಬರು ಒಂದು ಸ್ಥಾನದಲ್ಲಿ ಸತತವಾಗಿ ಎರಡು ಅವಧಿಗಿಂತ ಹೆಚ್ಚು ಇರಬಾರದು ಅಂತ ಸೇರಿಸಿ, ನೋಂದಣಾಧಿಕಾರಿ ಬಳಿ ದಾಖಲು ಮಾಡಿಸಿ. ಮಗನನ್ನೋ ಅಳಿಯನನ್ನೋ ಕೂರಿಸಿ ಹಿಂದಿನಿಂದ ನಡೆಸುವವರು ಇದ್ದೇ ಇರುತ್ತಾರೆ. ಆದರೂ ನಿಯಮ ಇದ್ದರೆ ಇಳಿಯೋದು ಅವಮಾನ ಅನ್ನಿಸಲ್ಲ. ಅವಧಿ ಮುಗಿಯಿತು, ಇಳಿದರು, ಅಷ್ಟೇ. ನಿಮ್ಮ ದೊಡ್ಡಪ್ಪನಿಗೆ ಆ ಅನುಕೂಲ ಸಿಗಲಿಲ್ಲ.

ಬೇರೆಯವರು ಹೇಗೆ ಮಾಡಿಕೊಂಡಿದ್ದಾರೆ ಅಂತಲೂ ನೋಡಿ. ಕ್ಯಾಥೊಲಿಕ್ ಚರ್ಚಿನಲ್ಲಿ ಪ್ರತಿ ಪ್ಯಾರಿಷ್‌ಗೂ ಹಣಕಾಸು ಸಮಿತಿ ಇರಲೇಬೇಕು ಅಂತ ಅವರ ಚರ್ಚ್ ಕಾನೂನೇ ಹೇಳುತ್ತದೆ. ಪಾದ್ರಿಗಳು ಎಷ್ಟೇ ಒಳ್ಳೆಯವರಿರಲಿ, ಲೆಕ್ಕಕ್ಕೆ ಕೂರೋಕೆ ಬೇರೆಯವರು ಇರುತ್ತಾರೆ. ವಕ್ಫ್ ಆಸ್ತಿಯ ಆಡಳಿತ ನೋಡುವ ಮುತವಲ್ಲಿ ವಕ್ಫ್ ಮಂಡಳಿಗೆ ಲೆಕ್ಕ ಒಪ್ಪಿಸಬೇಕು. ಕಾಗದದ ಮೇಲೆ ಇದ್ದದ್ದೆಲ್ಲ ನಡೆಯುತ್ತದೆ ಅಂತ ನಾನು ಹೇಳಲ್ಲ. ಲೆಕ್ಕ ಕೇಳಿದರೆ ಅನುಮಾನಪಟ್ಟ ಹಾಗೆ ಅನ್ನೋ ಸಂಕೋಚ ಮಾತ್ರ ಅಲ್ಲಿ ಕಮ್ಮಿ, ಯಾಕಂದರೆ ಅದನ್ನು ಕೇಳೋದು ಮನುಷ್ಯರಲ್ಲ, ನಿಯಮ.

ಇನ್ನು ದೊಡ್ಡಪ್ಪ. ಅವರನ್ನು ಗೌರವಾಧ್ಯಕ್ಷ ಮಾಡಿ ಶಾಲು ಹೊದಿಸಿದರೆ ಸರಿ ಹೋಗುತ್ತದೆ ಅಂತ ಯಾರಾದರೂ ಹೇಳಿರುತ್ತಾರೆ. ಶಾಲು ಹೊದಿಸಿ, ಬೇಡ ಅನ್ನಲ್ಲ. ಅವರಿಗೆ ಅದು ಸಾಕಾಗಲ್ಲ. ಇಷ್ಟು ವರ್ಷ ಬೆಳಿಗ್ಗೆ ಎದ್ದು ಗುಡಿಗೆ ಹೋದ ಮನುಷ್ಯನಿಗೆ ಇವತ್ತಿಂದ ಕೆಲಸ ಇಲ್ಲ ಅಂದರೆ ಏನಾಗಬೇಕು? ಮತ್ತೆ ಒಂದು ಹೆದರಿಕೆಯೂ ಇರುತ್ತದೆ. ಯಾರೂ ಬಾಯಿಬಿಟ್ಟು ಹೇಳಲ್ಲ. ನಾನು ಇಳಿದ ಮೇಲೆ ಹಳೇದೆಲ್ಲ ಕೆದಕಿ ನನ್ನನ್ನು ಬೀದಿಗೆ ತರುತ್ತಾರೆ ಅನ್ನೋ ಹೆದರಿಕೆ. ಇಳಿಯಲಾರದೆ ಕೂತಿರುವ ಎಷ್ಟೋ ಜನರನ್ನು ಕುರ್ಚಿಗೆ ಕಟ್ಟಿ ಹಾಕಿರೋದು ಆಸೆ ಅಲ್ಲ, ಇದೇ.

ಹಾಗಾಗಿ ಸಭೆಗೆ ಕರೆಯೋ ಮುಂಚೆ ನೀವು ಅವರ ಮನೆಗೆ ಹೋಗಿ. ಗುಂಪು ಕಟ್ಟಿಕೊಂಡು ಬೇಡ. ಒಬ್ಬರೇ, ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು ಹೋಗಿ. ವಾಟ್ಸಾಪ್ ಮಾತು ಎತ್ತಬೇಡಿ. 'ದೊಡ್ಡಪ್ಪ, ತೇರಿನ ಹಗ್ಗ ಯಾರ ಮನೆಯಿಂದ ಬರುತ್ತೆ?' ಅಂತ ಶುರು ಮಾಡಿ. ಅವರು ಹಗ್ಗದಿಂದ ಶುರು ಮಾಡಿ, ಹಗ್ಗ ಕೊಟ್ಟ ಮನೆಯವರ ಅಜ್ಜನ ಜಗಳಕ್ಕೆ ಹೋಗಿ, ಅಲ್ಲಿಂದ ಗುಡಿ ಜಮೀನಿನ ಒತ್ತುವರಿಗೆ ಬರುತ್ತಾರೆ. ಬರ್ಕೊಳ್ಳಿ. ನಾಲ್ಕೈದು ಭಾನುವಾರ ಬೇಕಾಗುತ್ತದೆ. ಎರಡನೇ ವಾರದಿಂದ ಲೆಕ್ಕದ ಇಬ್ಬರಲ್ಲಿ ಒಬ್ಬ ಹುಡುಗನನ್ನು ಜೊತೆಗೆ ಕರ್ಕೊಂಡು ಹೋಗಿ. ಸಾಧ್ಯವಾದರೆ ಆ ಮೆಸೇಜ್ ಹಾಕಿದವನನ್ನೇ. ದೊಡ್ಡಪ್ಪನ ಹಳೇ ಕಾಗದಗಳ ಮುಂದೆ ಎರಡು ಗಂಟೆ ಕೂತರೆ ಅವನ ಧಾಟಿ ಬದಲಾಗಬಹುದು. ಬದಲಾಗದಿದ್ದರೂ ಅವನು ಕೇಳುವ ಪ್ರಶ್ನೆ ನಿಖರವಾಗುತ್ತದೆ, ಅದೂ ಲಾಭವೇ.

ಆಮೇಲೆ ಹಳೇ ಲೆಕ್ಕಕ್ಕೆ ಒಂದು ದಿನಾಂಕ ಇಡಿ. ಮಾರ್ಚ್ 31 ಅನುಕೂಲ. ಅಲ್ಲಿವರೆಗಿನದ್ದನ್ನು ಊರಿಗೆ ಸಂಬಂಧವಿಲ್ಲದ ಲೆಕ್ಕ ಪರಿಶೋಧಕರೊಬ್ಬರು ನೋಡಲಿ. ರಸೀದಿ ಸಿಕ್ಕಿದ್ದಕ್ಕೆ ರಸೀದಿ, ಸಿಗದ್ದಕ್ಕೆ 'ದಾಖಲೆ ಲಭ್ಯವಿಲ್ಲ' ಅಂತ ಇದ್ದದ್ದು ಇದ್ದ ಹಾಗೆ ಬರೆಯಲಿ. ಸರ್ವ ಸದಸ್ಯರ ಸಭೆಯಲ್ಲಿ ಓದಿ, ಪ್ರಶ್ನೆ ಕೇಳಿ, ಒಪ್ಪಿ ಸಹಿ ಹಾಕಿ. ದೊಡ್ಡ ಮೊತ್ತ ಏನಾದರೂ ಕಾಣೆಯಾಗಿದೆ ಅಂತ ತೋರಿದರೆ ಅದನ್ನು ಮುಚ್ಚಿಡಿ ಅಂತ ನಾನು ಹೇಳಲ್ಲ. ಆಗ ನೋಂದಣಾಧಿಕಾರಿಗಳ ವಿಚಾರಣೆಯ ದಾರಿ ಕಾಯ್ದೆಯಲ್ಲೇ ಇದೆ. ಇಪ್ಪತ್ತು ವರ್ಷದ ಹಿಂದಿನ ಜಲ್ಲಿ ಲೋಡಿನ ಚೀಟಿ ಸಿಗಲಿಲ್ಲ ಅಂತ ಒಬ್ಬರ ಮರ್ಯಾದೆ ತೆಗೆಯೋದು ಬೇರೆ, ಇದು ಬೇರೆ.

ಒಪ್ಪಿಸುವ ದಿನ ಚಿನ್ನ, ಬೆಳ್ಳಿ, ಪಾತ್ರೆ, ಕಾಗದ, ಬೀಗದ ಕೈ ಎಲ್ಲದರ ಪಟ್ಟಿ ಮಾಡಿ, ಕೊಟ್ಟವರು, ತಗೊಂಡವರು ಇಬ್ಬರೂ ಸಹಿ ಹಾಕಲಿ. ಗುಡಿಯಲ್ಲೇ, ದೊಡ್ಡಪ್ಪನ ಕೈಯಿಂದಲೇ ಆಗಲಿ. ಉತ್ಸವದ ಹೊಸಬರ ಜೊತೆ ಮೊದಲ ಎರಡು ಜಾತ್ರೆಗೆ ಅವರೇ ಹಳಬರಾಗಿ ಇರಲಿ. ಹೇಳಿಕೊಡಲಿ, ಓಡಾಡೋದು ಬೇಡ. ಚೆಕ್ಕಿಗೆ ಮಾತ್ರ ಅವರ ಸಹಿ ಬೇಡ. ಇದರಲ್ಲಿ ಮೆತ್ತಗಾಗಬೇಡಿ. ಸಹಿ ಹಳಬರದು, ಓಡಾಟ ಹೊಸಬರದು ಅಂತಾದರೆ ಆರು ತಿಂಗಳಲ್ಲಿ ಮತ್ತೆ ಎಲ್ಲ ಮೊದಲಿನ ಹಾಗೇ.

ಕೊನೆಗೆ, ಇವೆಲ್ಲಕ್ಕಿಂತ ಮುಂಚೆ ಮಾಡಬೇಕಾದ ಒಂದು ಕೆಲಸ. ಬೀಗದ ಕೈ ಈಗ ಅರ್ಚಕರ ಮನೆಯಲ್ಲಿದೆ ಅಂದಿರಿ. ಅವರು ಒಳ್ಳೆಯ ಮನಸ್ಸಿನಿಂದಲೇ ತಗೊಂಡು ಹೋಗಿರುತ್ತಾರೆ. ಆದರೆ ಗೊಂಚಲಿನಲ್ಲಿ ಹುಂಡಿಯ ಕೈಯೂ ಇದೆ, ಅಲ್ವಾ? ನಾಳೆ ಹುಂಡಿಯಲ್ಲಿ ಹಣ ಕಮ್ಮಿ ಕಂಡರೆ ಮಾತು ಬೀಳೋದು ಅವರ ಮೇಲೆ. ಈ ವಾರವೇ ಎರಡೂ ಕೇರಿಯ ನಾಲ್ಕು ಜನ, ಇಬ್ಬರು ಹೆಂಗಸರು, ಅರ್ಚಕರು ಸೇರಿ. ಜಮಖಾನ ಹಾಸಿ, ಹುಂಡಿ ತೆಗೆದು, ಎಣಿಸಿ, ಒಂದು ಮಹಜರು ಬರೆದು ಎಲ್ಲರೂ ಸಹಿ ಹಾಕಿ, ಮಾರನೇ ದಿನ ಬ್ಯಾಂಕಿಗೆ ಕಟ್ಟಿ. ಆಮೇಲೆ ಹುಂಡಿಗೆ ಎರಡು ಬೀಗ ಹಾಕಿ, ಒಂದರ ಕೈ ಮೇಲಿನ ಕೇರಿಗೆ, ಇನ್ನೊಂದರದು ಕೆಳಗಿನ ಕೇರಿಗೆ. ಗರ್ಭಗುಡಿಯ ಕೈ ಅರ್ಚಕರ ಹತ್ತಿರವೇ ಇರಲಿ.